ಗುಳಿಗಿ ಹೆಸರು ಬರೆದಿಡ್ರಿ, ಮೈ ಅಂತೂ ಮರೆಯೂದಿಲ್ಲ

ಭಾಗ 1/10

ಮೆಡಿಕಲ್ ಅಂಗಡಿಯಲ್ಲಿ ಹತ್ತು ರೂಪಾಯಿ ಗುಳಿಗಿ ತೊಗೊಂಡ್ರೂ ಬಿಲ್ ಕೇಳ್ರಿ. ಬಿಲ್ ಕೊಡಲಿಲ್ಲಾ ಅಂದ್ರ, ಹೆಸರು ಕಾಣೂವಂಗ ಸ್ಟ್ರಿಪ್‌ನ ಒಂದು ಫೋಟೋ ತಕ್ಕೊಂಡು ಇಟ್ಕೊಳ್ರಿ. ಹತ್ತು ಭಾಗದ ಈ ಸರಣಿಯಲ್ಲಿ ನಾನು ಹೇಳೋದು ಇದೊಂದೇ ಮಾತು. ಉಳಿದದ್ದೆಲ್ಲ ಅದು ಯಾಕೆ ಅನ್ನೋದಕ್ಕೆ ಉತ್ತರ.

"ಬಿಕಾಂ ಓದೋ ಹುಡುಗಿಗೆ ಯಾಕ ಬೇಕಿತ್ತು ಈ ಡಾಕ್ಟರಿಕಿ?" ಅಂತ ನಿಮ್ಮಲ್ಲಿ ಒಬ್ಬರಾದ್ರೂ ಕೇಳೇ ಕೇಳ್ತೀರಿ. ಕೇಳ್ರಿ, ತಪ್ಪಿಲ್ಲ. ನಾನು ಯಾರಿಗೂ ಔಷಧ ಹೇಳೋಕೆ ಬಂದಿಲ್ಲ. ಆದರೆ ವೋಚರ್ ಇಲ್ಲದ ಖರ್ಚನ್ನು ಆಡಿಟರ್ ಒಪ್ಪೋದಿಲ್ಲ ಅಂತ ನಮಗೆಲ್ಲ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದಾರೆ. ಆ ಪಾಠ ಎಕ್ಸಾಮಿಗಷ್ಟೇ ಯಾಕಿರಬೇಕು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ನಮ್ಮ ಮನೆಗಳಲ್ಲಿ ನೋಡ್ರಿ. ಹಾಲಿನ ಲೆಕ್ಕ ಕ್ಯಾಲೆಂಡರ್ ಮ್ಯಾಲೆ ಇರ್ತೈತಿ. ಕಬ್ಬು ಎಷ್ಟು ಟನ್ ಹೋಯ್ತು ಅನ್ನೋದು ಫ್ಯಾಕ್ಟರಿ ಚೀಟಿಯಲ್ಲಿ ಇರ್ತೈತಿ. ಸಂಘದ ಕಂತು ಪುಸ್ತಕದಲ್ಲಿ ಇರ್ತೈತಿ. ಬಾಯಿಗೆ ಹಾಕ್ಕೊಂಡು ನೀರು ಕುಡಿದ ಗುಳಿಗಿಯ ಲೆಕ್ಕ ಮಾತ್ರ ಎಲ್ಲೂ ಇರೋದಿಲ್ಲ. "ಬಿಳಿ ಗುಳಿಗಿ ಇತ್ತು ನೋಡವಾ, ಮುಂಜಾನೆ ಒಂದು, ರಾತ್ರಿ ಒಂದು." ಇಷ್ಟೇ.

ಆದ್ರ ನಮ್ಮ ಮೈಯೊಳಗೆ ಒಂದು ವ್ಯವಸ್ಥೆ ಐತಿ. ಅದು ಪ್ರತಿಯೊಂದರ ಲೆಕ್ಕ ಇಡ್ತೈತಿ, ವರ್ಷಗಟ್ಟಲೆ ಮರೆಯೋದಿಲ್ಲ. ಅದರ ಹೆಸರು ರೋಗನಿರೋಧಕ ವ್ಯವಸ್ಥೆ. ನಾವೆಲ್ಲ ಇಮ್ಯುನಿಟಿ ಅಂತೀವಲ್ಲ, ಅದೇ.

ಭಾಗ 2/10: ಏನಿದು ರೋಗ?

1922ರಲ್ಲಿ ಅಮೆರಿಕದ ಸ್ಟೀವನ್ಸ್ ಮತ್ತು ಜಾನ್ಸನ್ ಅನ್ನೋ ಇಬ್ಬರು ವೈದ್ಯರು ಇಬ್ಬರು ಹುಡುಗರ ಬಗ್ಗೆ ಬರೆದರು. ಜ್ವರ, ಮೈತುಂಬ ದದ್ದು, ಬಾಯಿ ತುಂಬ ಹುಣ್ಣು, ಕಣ್ಣು ತೆರೆಯಲಾರದಷ್ಟು ಉರಿ. ಅವರ ಹೆಸರಿನಲ್ಲೇ ಇವತ್ತಿಗೂ ಅದನ್ನು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಅಂತಾರೆ. 1956ರಲ್ಲಿ ಬ್ರಿಟನ್ನಿನ ಅಲನ್ ಲಯೆಲ್ ಅನ್ನೋ ಚರ್ಮವೈದ್ಯ ಇದಕ್ಕಿಂತ ಘೋರವಾದ ರೂಪವನ್ನು ವಿವರಿಸಿದರು. ಅದರಲ್ಲಿ ಸುಟ್ಟ ಗಾಯದ ಹಾಗೆ ಮೈಮೇಲಿನ ಚರ್ಮವೇ ಹಾಳೆ ಹಾಳೆಯಾಗಿ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲೈಸಿಸ್ ಅಂತ ಹೆಸರು. ಇಂಗ್ಲಿಷಿನ ಮೊದಲಕ್ಷರ ಕೂಡಿಸಿ ಟೆನ್ ಅಂತಾರೆ.

ಈಗ ಎರಡನ್ನೂ ಒಂದೇ ರೋಗದ ಎರಡು ಹಂತ ಅಂತ ನೋಡ್ತಾರೆ. ಮೈಯ ಚರ್ಮದಲ್ಲಿ ಶೇಕಡಾ 10ಕ್ಕಿಂತ ಕಡಿಮೆ ಭಾಗ ಬಿಟ್ಟುಕೊಂಡರೆ ಸ್ಟೀವನ್ಸ್-ಜಾನ್ಸನ್. ಶೇಕಡಾ 30ಕ್ಕಿಂತ ಹೆಚ್ಚಾದರೆ ಟೆನ್. ನಡುವಿನದು ಎರಡರ ಬೆರಕೆ. ಸ್ಟೀವನ್ಸ್-ಜಾನ್ಸನ್ ಆದ ನೂರು ಮಂದಿಯಲ್ಲಿ ಐದರಿಂದ ಹತ್ತು ಮಂದಿ ಸಾಯ್ತಾರೆ. ಟೆನ್ ಆದವರಲ್ಲಿ ಸುಮಾರು ಮೂವತ್ತು ಮಂದಿ.

ಗಾಬರಿ ಆಗಬ್ಯಾಡ್ರಿ. ಇದು ಬಹಳ ಅಪರೂಪ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯ ಮಂದಿಗೆ ಬರುತ್ತದೆ. ಮಕ್ಕಳಲ್ಲಿ ಕೆಲವೊಮ್ಮೆ ಸೋಂಕಿನಿಂದಲೂ ಬರುತ್ತದೆ. ಆದರೆ ದೊಡ್ಡವರಲ್ಲಿ ಹೆಚ್ಚಿನ ಸಲ ಕಾರಣ ಒಂದು ಔಷಧ. ಮುಖ್ಯವಾಗಿ ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೋಟ್ರಿಜಿನ್. ಯೂರಿಕ್ ಆಸಿಡ್‌ಗೆ ಕೊಡುವ ಅಲೋಪ್ಯೂರಿನಾಲ್. ಸಲ್ಫಾ ಗುಂಪಿನ ಆ್ಯಂಟಿಬಯೋಟಿಕ್. ಕೆಲವು ನೋವಿನ ಗುಳಿಗಿ. ಇವೆಲ್ಲ ಲಕ್ಷಾಂತರ ಮಂದಿಗೆ ಉಪಕಾರ ಮಾಡೋ ಔಷಧಗಳೇ. ಕೆಟ್ಟ ಔಷಧ ಅಂತ ನಾನು ಹೇಳ್ತಾ ಇಲ್ಲ.

ಭಾಗ 3/10: ಚರ್ಮ ಸುಡೋದು ಗುಳಿಗಿ ಅಲ್ಲ

ಇಲ್ಲೇ ಎಲ್ಲರೂ ಎಡವೋದು. "ಗುಳಿಗಿ ಡುಪ್ಲಿಕೇಟ್ ಇರಬೇಕು", "ಡೇಟ್ ಮುಗಿದಿರಬೇಕು", "ಪವರ್ ಜಾಸ್ತಿ ಆತು, ಹೀಟ್ ಆತು" ಅಂತ ಮಾತಾಡ್ತಾರೆ. ಗುಳಿಗಿ ಅಸಲಿ ಇರಬಹುದು, ಡೇಟ್ ಸರಿ ಇರಬಹುದು, ಡೋಸ್ ಸರಿ ಇರಬಹುದು, ಡಾಕ್ಟರ್ ಬರೆದದ್ದೂ ಸರಿ ಇರಬಹುದು. ಆದರೂ ಆಗಬಹುದು. ಯಾಕಂದ್ರ ಚರ್ಮವನ್ನು ಕೊಲ್ಲುವುದು ಗುಳಿಗಿ ಅಲ್ಲ, ನಮ್ಮದೇ ರೋಗನಿರೋಧಕ ಸೈನ್ಯ.

ಹೆಂಗ ಅಂತ ನೋಡ್ರಿ. ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ಹೊರಗೆ ಒಂದು ಶೋಕೇಸ್ ಇಟ್ಟುಕೊಂಡಿರುತ್ತವೆ. ಆ ಶೋಕೇಸ್‌ಗೆ ಎಚ್‌ಎಲ್‌ಎ ಅಂತ ಹೆಸರು. ಒಳಗೆ ತಯಾರಾಗುವ ಪ್ರೋಟೀನುಗಳ ಸಣ್ಣ ಸಣ್ಣ ತುಣುಕುಗಳನ್ನು ಕೋಶ ಅದರಲ್ಲಿ ಇಟ್ಟು ತೋರಿಸುತ್ತದೆ: "ಒಳಗ ಏನ್ ನಡೆದೈತಿ ನೋಡ್ಕೊಳ್ರಪ್ಪಾ" ಅನ್ನೋ ಹಾಗೆ. ಟಿ ಕೋಶಗಳು ಅನ್ನೋ ಪಹರೆಯವರು ಮೈತುಂಬ ತಿರುಗಾಡುತ್ತ ಈ ಶೋಕೇಸುಗಳನ್ನು ನೋಡುತ್ತಾರೆ. ತುಣುಕು ನಮ್ಮದೇ ಆಗಿದ್ದರೆ ಮುಂದೆ ಹೋಗುತ್ತಾರೆ. ವೈರಸ್‌ನ ತುಣುಕು ಕಂಡರೆ ಆ ಕೋಶವನ್ನು ಕೊಲ್ಲುತ್ತಾರೆ. ಒಂದು ಕೋಶ ಸತ್ತರೆ ಊರು ಉಳಿಯುತ್ತದೆ ಅನ್ನೋ ಲೆಕ್ಕ.

ಈ ಪಹರೆಯವರಿಗೆ ಟ್ರೇನಿಂಗ್ ಕೂಡ ಆಗಿರುತ್ತದೆ. ಎದೆಗೂಡಿನೊಳಗೆ ಥೈಮಸ್ ಅನ್ನೋ ಗ್ರಂಥಿ ಐತಿ. ನಮ್ಮದೇ ಕೋಶಗಳ ಮೇಲೆ ಏರಿ ಹೋಗುವ ಟಿ ಕೋಶಗಳಲ್ಲಿ ಹೆಚ್ಚಿನವನ್ನು ಅಲ್ಲೇ ಫೇಲ್ ಮಾಡಿ ತೆಗೆದುಹಾಕುತ್ತಾರೆ. ಪಾಸಾದವರಷ್ಟೇ ಹೊರಗೆ ಬರುತ್ತಾರೆ.

ಆದರೆ ಆ ಪರೀಕ್ಷೆ ನಡೆದಾಗ ಶೋಕೇಸಿನಲ್ಲಿ ಗುಳಿಗಿ ಇರಲಿಲ್ಲ. ಮುಂದೊಂದು ದಿನ ಕಾರ್ಬಮಜೆಪಿನ್‌ನಂಥ ಔಷಧದ ಕಣ ಬಂದು ಆ ಶೋಕೇಸಿಗೇ ಅಂಟಿಕೊಂಡರೆ ಒಳಗಿನ ಚಿತ್ರ ಚೂರು ಬದಲಾಗುತ್ತದೆ. ಪಹರೆಯವನಿಗೆ ಅದು ಪರಕೀಯರ ಮುಖದಂತೆ ಕಾಣುತ್ತದೆ. ಶೋಕೇಸ್ ನಮ್ಮದು, ಕೋಶ ನಮ್ಮದು, ಪಹರೆಯವನೂ ನಮ್ಮವನು. ಗುರುತು ಹಿಡಿಯೋದರಲ್ಲಿ ತಪ್ಪಿತು, ಅಷ್ಟೇ.

ಭಾಗ 4/10: ಮೂರು ವಾರ ಯಾಕೆ ಬೇಕು?

ಆ ಒಬ್ಬ ಪಹರೆಯವನು ಸುಮ್ಮನೆ ಇರೋದಿಲ್ಲ. ತನ್ನಂಥವರನ್ನು ಸಾವಿರ, ಲಕ್ಷ ಮಾಡಿಕೊಳ್ಳುತ್ತಾನೆ. ಅದಕ್ಕೆ ದಿನಗಳು ಬೇಕು. ಅದಕ್ಕೇ ಈ ರೋಗ ಗುಳಿಗಿ ನುಂಗಿದ ದಿನವೇ ಬರೋದಿಲ್ಲ. ಸಾಮಾನ್ಯವಾಗಿ 4 ದಿನದಿಂದ 4 ವಾರದೊಳಗೆ ಬರುತ್ತದೆ. ಅಷ್ಟರಲ್ಲಿ ಗುಳಿಗಿ ಖಾಲಿ ಆಗಿರಬಹುದು, ಸ್ಟ್ರಿಪ್ ಕಸದಾಗ ಹೋಗಿರಬಹುದು, ಹೆಸರು ಯಾರಿಗೂ ನೆನಪಿರಲಿಕ್ಕಿಲ್ಲ.

ಈ ಸೈನ್ಯ ಚರ್ಮಕ್ಕೆ ಬಂದು ಬಿಡುವ ಆಯುಧದ ಹೆಸರು ಗ್ರಾನುಲೈಸಿನ್. ಇದು ಒಂದು ಪ್ರೋಟೀನು. ರೋಗಿಗಳ ಗುಳ್ಳೆಯೊಳಗಿನ ನೀರಿನಲ್ಲಿ ಇದು ಭಾರೀ ಪ್ರಮಾಣದಲ್ಲಿ ಇರುತ್ತದೆ ಅಂತ ತೈವಾನಿನ ಸಂಶೋಧಕರು 2008ರಲ್ಲಿ ತೋರಿಸಿದರು. ಅದನ್ನು ಇಲಿಯ ಚರ್ಮಕ್ಕೆ ಚುಚ್ಚಿದಾಗ ಅಲ್ಲೂ ಗುಳ್ಳೆ ಎದ್ದು ಚರ್ಮ ಸತ್ತಿತು. ಮೇಲಿನ ಪದರ ಸತ್ತು ಕೆಳಗಿನ ಪದರದಿಂದ ಬಿಟ್ಟುಕೊಂಡರೆ ಮೈಗೆ ಬಾಗಿಲೇ ಇಲ್ಲದಂಗ. ನೀರು ಹೊರಗೆ ಹೋಗುತ್ತದೆ, ಸೋಂಕು ಒಳಗೆ ಬರುತ್ತದೆ. ಅದಕ್ಕೇ ಇಂಥವರನ್ನು ಐಸಿಯುನಲ್ಲಿ ಇಲ್ಲವೇ ಸುಟ್ಟಗಾಯದ ವಾರ್ಡಿನಲ್ಲಿ ಇಟ್ಟು ನೋಡಬೇಕಾಗುತ್ತದೆ.

ಇಲ್ಲಿ ಎರಡು ಮಾತು ಗಟ್ಟಿ ಹಿಡಕೊಳ್ರಿ.

ಒಂದು: ಇಂಜೆಕ್ಷನ್ ಕೊಡೋ ಮುಂಚೆ ಕೈಗೆ ಚುಚ್ಚಿ ನೋಡುವ "ಟೆಸ್ಟ್ ಡೋಸ್" ಇದನ್ನು ಹಿಡಿಯೋದಿಲ್ಲ. ಅದು ನಿಮಿಷಗಳಲ್ಲಿ ಬರೋ ಅಲರ್ಜಿಗೆ. ಪಿತ್ತ ಎದ್ದಂಗ ದದ್ದು, ಉಸಿರು ಕಟ್ಟೋದು, ಅಂಥದ್ದು. ವಾರಗಳ ನಂತರ ಟಿ ಕೋಶಗಳು ಮಾಡೋ ಕೆಲಸ ಬೇರೆಯೇ.

ಎರಡು: ಒಮ್ಮೆ ಹೀಗಾಗಿ ಬದುಕಿದವರು ಅದೇ ಗುಳಿಗಿಯನ್ನು ಮತ್ತೊಮ್ಮೆ ನುಂಗಿದರೆ ವಾರಗಟ್ಟಲೆ ಕಾಯೋದಿಲ್ಲ. ಸೈನ್ಯ ತಯಾರೇ ಇರುತ್ತದೆ, ಒಂದೆರಡು ದಿನದಲ್ಲೇ ಬರಬಹುದು. ಮೈ ಲೆಕ್ಕ ಮರೆಯೋದಿಲ್ಲ ಅಂದದ್ದು ಇದಕ್ಕೆ.

ಕೋವಿಡ್ ಬಂದಾಗಿನಿಂದ ನಾವೆಲ್ಲ "ಇಮ್ಯುನಿಟಿ ಬೂಸ್ಟರ್" ಅಂತ ಕಷಾಯ, ಪೌಡರ್, ಗುಳಿಗಿ ನುಂಗಿದ್ದೇ ನುಂಗಿದ್ದು. ಇಮ್ಯುನಿಟಿ ಅಂದ್ರ ಬ್ಯಾಂಕ್ ಬ್ಯಾಲೆನ್ಸ್ ಅಲ್ಲ, ಜಾಸ್ತಿ ಆದಷ್ಟು ಚಲೋ ಅನ್ನೋಕೆ. ಅದರ ಗುಣ ಇರೋದು ಯಾರನ್ನು ಬಿಡಬೇಕು, ಯಾರನ್ನು ಹಿಡಿಯಬೇಕು ಅನ್ನೋ ವಿವೇಚನೆಯಲ್ಲಿ. ಈ ರೋಗದಲ್ಲಿ ಇಮ್ಯುನಿಟಿ ಕಡಿಮೆ ಆಗಿಲ್ಲ. ಜೋರಾಗೇ ಕೆಲಸ ಮಾಡೈತಿ, ತಪ್ಪು ಮನಿಗೆ ನುಗ್ಗೈತಿ.

ಭಾಗ 5/10: ನನಗೆ ಆಗೋದು, ನಿನಗೆ ಆಗದಿರೋದು

ಒಂದೇ ಗುಳಿಗಿ ಇಡೀ ಊರು ನುಂಗಿದರೂ ಒಬ್ಬರಿಗೆ ಮಾತ್ರ ಯಾಕೆ? ಉತ್ತರದ ಒಂದು ಭಾಗ ಆ ಶೋಕೇಸಿನಲ್ಲೇ ಐತಿ. ಎಚ್‌ಎಲ್‌ಎ ಎಲ್ಲರಿಗೂ ಒಂದೇ ತರ ಇರೋದಿಲ್ಲ. ಅಪ್ಪ ಅವ್ವನಿಂದ ಅರ್ಧರ್ಧ ಬರುತ್ತದೆ. ಸಾವಿರಾರು ನಮೂನೆ ಅದಾವ.

2004ರಲ್ಲಿ ತೈವಾನಿನಲ್ಲಿ ಕಾರ್ಬಮಜೆಪಿನ್‌ನಿಂದ ಸ್ಟೀವನ್ಸ್-ಜಾನ್ಸನ್ ಆದ 44 ಮಂದಿಯ ರಕ್ತ ಪರೀಕ್ಷೆ ಮಾಡಿದರು. 44ಕ್ಕೆ 44 ಮಂದಿಯಲ್ಲೂ ಎಚ್‌ಎಲ್‌ಎ-ಬಿ 15:02 ಅನ್ನೋ ಒಂದೇ ನಮೂನೆ ಇತ್ತು. ಅದೇ ಗುಳಿಗಿ ನುಂಗಿ ಏನೂ ಆಗದ 101 ಮಂದಿಯಲ್ಲಿ ಅದು ಇದ್ದದ್ದು 3 ಜನರಲ್ಲಿ. ಕೊನೆಗೆ ಅಲ್ಲಿಯ ವೈದ್ಯರು ಒಂದು ಕೆಲಸ ಮಾಡಿದರು. ಗುಳಿಗಿ ಕೊಡೋ ಮುಂಚೆಯೇ 4,877 ಮಂದಿಯ ಪರೀಕ್ಷೆ ಮಾಡಿ, ಆ ನಮೂನೆ ಇದ್ದವರಿಗೆ ಬೇರೆ ಔಷಧ ಕೊಟ್ಟರು. ಹಿಂದಿನ ಲೆಕ್ಕದಂತೆ ಅಷ್ಟು ಜನರಲ್ಲಿ ಸುಮಾರು 10 ಮಂದಿಗೆ ಈ ರೋಗ ಬರಬೇಕಿತ್ತು. ಒಬ್ಬರಿಗೂ ಬರಲಿಲ್ಲ. 2011ರಲ್ಲಿ ಇದು ಪ್ರಕಟವಾಯಿತು.

"ಅದು ಚೀನಾ ಕಡೆಯವರ ಕಥಿ" ಅನ್ನಬ್ಯಾಡ್ರಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲೇ ಕಾರ್ಬಮಜೆಪಿನ್ ಬಗ್ಗೆ ಎಚ್ಚರಿಕೆ ಕೊಟ್ಟಿತು. ಆ ಔಷಧದ ಲೇಬಲ್‌ನಲ್ಲಿ ಭಾರತೀಯರೂ ಸೇರಿ ದಕ್ಷಿಣ ಏಷ್ಯಾದವರಲ್ಲಿ ಈ ನಮೂನೆ ಸರಾಸರಿ ಶೇಕಡಾ 2ರಿಂದ 4 ಮಂದಿಗೆ ಇರುತ್ತದೆ, ಕೆಲವು ಗುಂಪುಗಳಲ್ಲಿ ಹೆಚ್ಚು ಅಂತ ಬರೆದೈತಿ. ನಮೂನೆ ಇದ್ದ ಮಾತ್ರಕ್ಕೆ ರೋಗ ಬಂದೇ ಬರುತ್ತದೆ ಅಂತಲೂ ಅಲ್ಲ, ಹೆಚ್ಚಿನವರಿಗೆ ಬರೋದಿಲ್ಲ. ಆದರೆ ಹೊಸದಾಗಿ ಕಾರ್ಬಮಜೆಪಿನ್ ಶುರು ಮಾಡೋ ಮುಂಚೆ "ಸರ್, ಎಚ್‌ಎಲ್‌ಎ ಟೆಸ್ಟ್ ಬೇಕಾಗ್ತದೇನ್ರಿ?" ಅಂತ ಕೇಳೋದು ದೊಡ್ಡ ಮಾತಲ್ಲ.

ಇನ್ನೊಂದು ಕಾರಣಕ್ಕೂ ಇದು ಗೊತ್ತಿರಬೇಕು. ಈ ರೋಗ ಬಂದ ಮನೆಯಲ್ಲಿ "ಯಾರದೋ ಕಣ್ಣು ಬಿತ್ತು", "ಅಕಿ ಹಿಂದಿನ ಜನ್ಮದ ಕರ್ಮ", "ಸೊಸಿ ಏನೋ ಹಾಕಿ ಕೊಟ್ಲು" ಅನ್ನೋ ಮಾತು ಬರ್ತಾವ. ಅಪ್ಪ ಅವ್ವನಿಂದ ಬಂದ ಒಂದು ಶೋಕೇಸ್, ಅದಕ್ಕೆ ಅಂಟೋ ಒಂದು ಔಷಧ, ಅದನ್ನು ಪರಕೀಯ ಅಂದುಕೊಂಡ ಒಂದು ಟಿ ಕೋಶ. ಇದರಾಗ ಸೊಸಿ ಎಲ್ಲಿಂದ ಬಂದ್ಲು?

ಭಾಗ 6/10: ದೇವಿ ಬಂದಾಳ ಅಂದ್ರು

ಹುಕ್ಕೇರಿ ತಾಲೂಕಿನ ಹಳ್ಳಿಯಲ್ಲಿರೋ ನಮ್ಮ ಸೋದರಮಾವನ ವಿಷಯ ಹೇಳ್ತೀನಿ. ಊರ ಹೆಸರು, ದವಾಖಾನಿ ಹೆಸರು ಬ್ಯಾಡ.

ಮಾಮಾಗೆ ಫಿಟ್ಸ್ ಬಂದು ಗುಳಿಗಿ ಶುರು ಆಗಿತ್ತು. ಅದೇ ಹೊತ್ತಿಗೆ ಮೊಣಕಾಲು ನೋವಿಗೆ ಒಂದು, ಗಾಯ ಆಗಿದ್ದಕ್ಕೆ ಇನ್ನೊಂದು, ಹೀಗೆ ಮೂರು ನಮೂನೆ ಗುಳಿಗಿ ಎರಡು ಅಂಗಡಿಯಿಂದ ಬಂದಿದ್ದವು. ಮೂರನೇ ವಾರ ಜ್ವರ ಬಂತು. ಕಣ್ಣು ಕೆಂಪಾದವು, ತುಟಿ ಒಡೆದು ಹುಣ್ಣಾಯಿತು, ನುಂಗಲಿಕ್ಕೂ ಆಗಲಿಲ್ಲ. ಎದೆ ಮ್ಯಾಲೆ ಕಪ್ಪುಗೆಂಪು ಕಲೆ ಬಂದವು. ಮುಟ್ಟಿದರೆ ಉರಿ. "ದೇವಿ ಬಂದಾಳ" ಅಂದ್ರು. ಬೇವಿನ ಸೊಪ್ಪು ಹಾಸಿದ್ರು, ಮಡಿ ಮಾಡಿದ್ರು. ದೇವಿ ಬಂದಾಗ ದವಾಖಾನಿಗೆ ಹೋಗಬಾರದು ಅಂತ ಮೂರು ದಿನ ಮನೆಯಲ್ಲೇ ಇಟ್ರು. ಗುಳಿಗಿ ಮಾತ್ರ ತಪ್ಪಲಿಲ್ಲ. "ಫಿಟ್ಸ್ ಗುಳಿಗಿ ಬಿಡಬಾರದು ಅಂದಾರ" ಅಂತ ನಮ್ಮ ಮಾಮಿ ಕಷ್ಟಪಟ್ಟು ಹೊತ್ತಿಗೆ ಸರಿಯಾಗಿ ನುಂಗಿಸಿದ್ರು. ಪ್ರೀತಿಯಿಂದಲೇ ನುಂಗಿಸಿದ್ರು. ಆ ಮಾತು ನೆನಪಾದಾಗೆಲ್ಲ ಮಾಮಿ ಈಗಲೂ ಸುಮ್ಮನಾಗ್ತಾರ.

ಬೆಳಗಾವಿಗೆ ಹೋದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಯಾವ ಗುಳಿಗಿ? ಯಾವತ್ತಿನಿಂದ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಸ್ಟ್ರಿಪ್ ಕತ್ತರಿಸಿ ಕೊಟ್ಟಿದ್ದರು, ಹೆಸರಿದ್ದ ತುದಿ ಅಂಗಡಿಯಲ್ಲೇ ಉಳಿದಿತ್ತು. ಬಿಲ್ ಇರಲಿಲ್ಲ. ಮೂರೂ ಬಿಳಿ ಗುಳಿಗಿ. ಎಲ್ಲವನ್ನೂ ನಿಲ್ಲಿಸಿದರು.

ಮಾಮಾ ಉಳಿದರು. ಕಣ್ಣು ಒಣಗಿ ಒಣಗಿ ಉರೀತಾವ, ದಿನಾ ಡ್ರಾಪ್ಸ್ ಬೇಕು. ಬಿಸಿಲಿಗೆ ಹೊಲಕ್ಕೆ ಹೋಗಲಿಕ್ಕೆ ಆಗೋದಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದು. ಮೂರರಲ್ಲಿ ಯಾವುದು ಮಾಡಿತು ಅಂತ ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ಜ್ವರ ಬಂದರೂ, ಹಲ್ಲು ನೋವಾದರೂ ಯಾವ ಗುಳಿಗಿ ಕೊಟ್ಟರೂ ಮಾಮಾ ಕೈ ಹಿಂದಕ್ಕೆ ತಕ್ಕೋತಾರ. ಮೈಗೆ ಶತ್ರು ಯಾರು ಅಂತ ಗೊತ್ತೈತಿ, ಮಾಮಾಗೆ ಗೊತ್ತಿಲ್ಲ. ಆ ಎರಡು ಅಂಗಡಿಯ ಬಿಲ್ ಇದ್ದಿದ್ದರೆ ಡಾಕ್ಟರ್ ತಾರೀಖು ನೋಡಿ, ಹೆಸರು ನೋಡಿ, ಇದೇ ಇರಬೇಕು ಅಂತ ಒಂದು ಚೀಟಿ ಬರೆದು ಕೊಡಬಹುದಿತ್ತು.

ಭಾಗ 7/10: ಗೆಳತಿಯರೇ, ಇದು ನಿಮಗೆ

ಪಿರಿಯಡ್ ನೋವಿಗೆ ನಮ್ಮ ಹಾಸ್ಟೆಲ್ ರೂಮುಗಳಲ್ಲಿ ಒಂದು ಸ್ಟ್ರಿಪ್ ಕೈಯಿಂದ ಕೈಗೆ ಓಡಾಡ್ತೈತಿ ಅಲ್ವಾ? ಮೆಫ್ಟಾಲ್ ಅಂತೀವಿ. ಅದರೊಳಗಿನ ಔಷಧದ ಹೆಸರು ಮೆಫೆನಮಿಕ್ ಆಸಿಡ್. 2023ರ ನವೆಂಬರ್ 30ರಂದು ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಈ ಔಷಧದ ಬಗ್ಗೆ ಒಂದು ಎಚ್ಚರಿಕೆ ಕೊಟ್ಟಿತು. ಡ್ರೆಸ್ ಸಿಂಡ್ರೋಮ್ ಬರೋ ಸಾಧ್ಯತೆ ಐತಿ, ವೈದ್ಯರೂ ರೋಗಿಗಳೂ ಗಮನ ಇಡ್ರಿ ಅಂತ. ಆಗ ಸ್ಟೇಟಸ್ ತುಂಬ ಇದೇ ಸುದ್ದಿ ಇತ್ತು, ನೆನಪಿರಬೇಕು. ಎರಡು ವಾರದಲ್ಲಿ ಮರೆತೆವು.

ಡ್ರೆಸ್ ಅಂದ್ರ ಉಡೋ ಡ್ರೆಸ್ ಅಲ್ಲ, ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಇದೂ ರೋಗನಿರೋಧಕ ವ್ಯವಸ್ಥೆಯದೇ ಕೆಲಸ. ಔಷಧ ಶುರುವಾಗಿ ಸಾಮಾನ್ಯವಾಗಿ 2ರಿಂದ 8 ವಾರದೊಳಗೆ ಜ್ವರ, ಮೈತುಂಬ ದದ್ದು, ಮುಖ ಊತ, ಕುತ್ತಿಗೆಯಲ್ಲಿ ಗಂಟು. ಒಳಗೆ ಲಿವರ್, ಕಿಡ್ನಿಗೂ ಪೆಟ್ಟು ಬೀಳಬಹುದು. ರಕ್ತದಲ್ಲಿ ಇಯೊಸಿನೊಫಿಲ್ ಅನ್ನೋ ಬಿಳಿ ಕೋಶಗಳು ಏರುತ್ತವೆ. ಮೈಯೊಳಗೆ ಮಲಗಿದ್ದ ಹಳೆ ಹರ್ಪಿಸ್ ಜಾತಿಯ ವೈರಸ್‌ಗಳೂ ಕೆಲವೊಮ್ಮೆ ಎದ್ದು ಕೂಡುತ್ತವೆ.

ಇದೂ ಅಪರೂಪವೇ. ಆ ಗುಳಿಗಿ ನುಂಗಲೇಬ್ಯಾಡ್ರಿ ಅಂತ ಸರ್ಕಾರ ಹೇಳಿಲ್ಲ, ನಾನೂ ಹೇಳೋದಿಲ್ಲ. ಹೊಟ್ಟೆ ಹಿಂಡೋ ನೋವು ಏನು ಅಂತ ನನಗೂ ಗೊತ್ತು. ಆದರೆ ಗೆಳತಿಗೆ ಹಂಚೋ ಮುಂಚೆ "ನಿನಗ ಯಾವುದಾದ್ರೂ ಗುಳಿಗಿಯಿಂದ ಹಿಂದ ದದ್ದು ಬಂದಿತ್ತಾ?" ಅಂತ ಕೇಳ್ರಿ. ನಿಮ್ಮ ಫೋನಿನಲ್ಲಿ ತಾರೀಖು ಹಾಕಿ ಬರೆದಿಡ್ರಿ. ಪಿರಿಯಡ್ ತಾರೀಖಿಗೆ ಆ್ಯಪ್ ಇಟ್ಟುಕೊಂಡೀವಿ, ಅದರ ಪಕ್ಕದಲ್ಲಿ ಒಂದು ಸಾಲು ಗುಳಿಗಿ ಹೆಸರು ಬರೆಯೋಕೆ ಏನ್ ಕಷ್ಟ?

ಅಂಥ ಎಚ್ಚರಿಕೆ ಹುಟ್ಟೋದು ಹೆಂಗ ಗೊತ್ತೇನ್ರಿ? ದೇಶದ ಬೇರೆ ಬೇರೆ ಕಡೆಯಿಂದ "ಈ ಔಷಧ ನುಂಗಿದ ಮ್ಯಾಲೆ ಹಿಂಗಾತು" ಅನ್ನೋ ವರದಿಗಳು ಬಂದು ಸೇರಬೇಕು. ಅದಕ್ಕಾಗಿ 2010ರಿಂದ ಭಾರತದಲ್ಲಿ ಫಾರ್ಮಕೋವಿಜಿಲೆನ್ಸ್ ಪ್ರೋಗ್ರಾಮ್ ಅಂತ ಐತಿ, ಗಾಜಿಯಾಬಾದ್‌ನಲ್ಲಿರೋ ಅದೇ ಕಮಿಷನ್ ನಡೆಸ್ತೈತಿ. ಡಾಕ್ಟರಷ್ಟೇ ಅಲ್ಲ, ರೋಗಿಯೂ ಮನೆಯವರೂ ವರದಿ ಕೊಡಬಹುದು. ಟೋಲ್ ಫ್ರೀ ನಂಬರ್ 1800-180-3024. ಆದರೆ ಗುಳಿಗಿ ಹೆಸರೇ ಗೊತ್ತಿಲ್ಲದ ವರದಿಯಿಂದ ಯಾರಿಗೆ ಏನು ಉಪಯೋಗ?

ಭಾಗ 8/10: ಬಿಲ್ ಅಂದ್ರ ಬರೀ ಕಾಗದ ಅಲ್ಲ

ಈಗ ನಮ್ಮ ಸಿಲಬಸ್ಸಿಗೆ ಬರ್ತೀನಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಕಲಂ 2(47). ಮಾರಿದ ವಸ್ತುವಿಗೆ ಬಿಲ್ ಕೊಡದೇ ಇರೋದು "ಅನುಚಿತ ವ್ಯಾಪಾರ ಪದ್ಧತಿ". ಎಕ್ಸಾಮಿಗೆ ಬಾಯಿಪಾಠ ಮಾಡಿ ಐದು ಮಾರ್ಕ್ಸ್ ತಗೊಂಡು ಬಂದು, ಸಂಜೀಕ ಮೆಡಿಕಲ್ ಅಂಗಡಿಯಲ್ಲಿ ಬಿಲ್ ಕೇಳೋಕೆ ನಾಚಿಕೊಂಡ್ರ ಹೆಂಗ? ಔಷಧದ ಬಿಲ್ ಅಂದ್ರ ಹೆಸರು, ಬ್ಯಾಚ್ ನಂಬರ್, ತಾರೀಖು. ಡಾಕ್ಟರಿಗೆ ಬೇಕಾದದ್ದೂ ಇಷ್ಟೇ.

ದಾಖಲೆಯ ಬೆಲೆ ಎಷ್ಟು ಅಂತ ತಿಳಿಯೋಕೆ ಒಂದು ಕೇಸ್ ಓದ್ರಿ. ಅನುರಾಧಾ ಸಾಹಾ ಅಮೆರಿಕದಲ್ಲಿದ್ದ ಮಕ್ಕಳ ಮನಃಶಾಸ್ತ್ರಜ್ಞೆ. 1998ರಲ್ಲಿ ಕೋಲ್ಕತ್ತಾಗೆ ಬಂದಾಗ ಮೈಮೇಲೆ ದದ್ದು ಎದ್ದಿತು. ಅದು ಟೆನ್ ಆಗಿತ್ತು. ಅದೇ ಮೇ 28ರಂದು ಮುಂಬೈನಲ್ಲಿ ತೀರಿಕೊಂಡರು. ಗಂಡ ಕುನಾಲ್ ಸಾಹಾ, ಸ್ವತಃ ವೈದ್ಯರು, ಗ್ರಾಹಕ ಕಾನೂನಿನಡಿ ಹೋರಾಡಿದರು. ಕೊಟ್ಟ ಸ್ಟೀರಾಯ್ಡ್ ಪ್ರಮಾಣ ತಪ್ಪು, ಮಾಡಬೇಕಾದ ಆರೈಕೆ ಮಾಡಲಿಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜ್ವರ, ನಾಡಿ, ಬಿಪಿಯಂಥ ಮೂಲ ವಿವರಗಳನ್ನೂ ಬರೆದಿಟ್ಟಿರಲಿಲ್ಲ ಅನ್ನೋದನ್ನೂ ಕೋರ್ಟ್ ಗಮನಿಸಿತು. 2013ರ ಅಕ್ಟೋಬರ್‌ನಲ್ಲಿ ಸುಮಾರು 6 ಕೋಟಿ ರೂಪಾಯಿ, ಮೇಲೆ ಬಡ್ಡಿ, ಪರಿಹಾರ ಕೊಡಿಸಿತು.

ಹದಿನೈದು ವರ್ಷ. ಅವರು ಡಾಕ್ಟರ್, ಓದಿದವರು, ಕಾಗದಪತ್ರ ಹಿಡಕೊಂಡು ನಿಂತವರು. ನಮ್ಮ ಹಳ್ಳಿಯ ಕೈಯಲ್ಲಿ ಏನೈತಿ? ಕತ್ತರಿಸಿದ ಸ್ಟ್ರಿಪ್‌ನ ಹೆಸರಿಲ್ಲದ ತುಂಡು. ಎಲ್ಲ ಕಡೆ ಕೇಸ್ ಹಾಕ್ರಿ ಅಂತ ನಾನು ಹೇಳ್ತಾ ಇಲ್ಲ. ಮೊದಲೇ ಹೇಳಿದಂಗ, ಹೆಚ್ಚಿನ ಸಲ ಇಲ್ಲಿ ಯಾರ ತಪ್ಪೂ ಇರೋದಿಲ್ಲ. ಆದರೆ ತಪ್ಪು ಇತ್ತೋ ಇಲ್ಲೋ ಅಂತ ತಿಳಿಯೋಕೂ ಕಾಗದ ಬೇಕು.

ಭಾಗ 9/10: ನೀವು ಹೇಳೋ ಮಾತು

"ಹತ್ತು ಲಕ್ಷಕ್ಕೆ ನಾಲ್ಕೈದು ಮಂದಿಗೆ ಬರೋ ರೋಗಕ್ಕ ಇಷ್ಟು ಗದ್ದಲ ಯಾಕ?" ಇದು ಸರಿಯಾದ ಪ್ರಶ್ನೆ. ನನ್ನ ಉತ್ತರ: ತಡೆಯೋ ಖರ್ಚು ಎಷ್ಟು ಅಂತಲೂ ನೋಡಬೇಕಲ್ಲ? ಒಂದು ಫೋಟೋ. ಅದೂ ಈ ರೋಗಕ್ಕಷ್ಟೇ ಅಲ್ಲ. ಸಣ್ಣ ಅಲರ್ಜಿಗೂ, ಬಿಪಿ ಗುಳಿಗಿ ಬದಲಾಯಿಸುವಾಗಲೂ, ಮೂಡಲಗಿಯಿಂದ ಬೆಳಗಾವಿಗೆ ರಾತ್ರಿ ಅಂಬ್ಯುಲೆನ್ಸ್‌ನಲ್ಲಿ ಹೋದಾಗಲೂ ಅದೇ ಫೋಟೋ ಕೆಲಸಕ್ಕೆ ಬರುತ್ತದೆ.

"ಇದನ್ನು ಓದಿ ಮಂದಿ ಹೆದರಿ ಔಷಧ ಬಿಟ್ರ?" ಈ ಹೆದರಿಕೆ ನನಗೂ ಐತಿ. ಅದಕ್ಕೇ ಸ್ಪಷ್ಟ ಹೇಳ್ತೀನಿ. ಫಿಟ್ಸ್ ಗುಳಿಗಿ, ಟಿಬಿ ಗುಳಿಗಿ, ಬಿಪಿ ಗುಳಿಗಿ ಹೆದರಿಕೆಯಿಂದ ಬಿಟ್ಟರೆ ಅದರ ಅಪಾಯ ಇದಕ್ಕಿಂತ ಎಷ್ಟೋ ಹೆಚ್ಚು. ವರ್ಷಗಟ್ಟಲೆ ನುಂಗಿ ಏನೂ ಆಗದವರಿಗೆ ಈಗ ಇದ್ದಕ್ಕಿದ್ದಂತೆ ಆಗೋ ಸಾಧ್ಯತೆ ಬಹಳ ಕಡಿಮೆ. ಎಚ್ಚರ ಇರಬೇಕಾದ್ದು ಹೊಸ ಗುಳಿಗಿ ಶುರುವಾದ ಮೊದಲ ಎರಡು ತಿಂಗಳು.

"ಅಂಗಡಿಯವರು ಸಿಟ್ಟಾಗ್ತಾರ." ಕೆಲವರು ಆಗ್ತಾರೆ. ನಮ್ಮ ಓಣಿಯಲ್ಲಿ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರೂ ಎದ್ದು ಬಂದು ಔಷಧ ಕೊಡೋರು ಅವರೇ, ಅದನ್ನು ಮರೆಯಬಾರದು. ಜಗಳ ಬ್ಯಾಡ. "ಅಣ್ಣಾ, ಬಿಲ್ ಇರಲಿ, ಇಲ್ಲಾಂದ್ರ ಹೆಸರು ಬರೆದು ಕೊಡ್ರಿ" ಅಂದ್ರ ಸಾಕು. ನಾಲ್ಕು ಮಂದಿ ಕೇಳಿದರೆ ಐದನೆಯವರಿಗೆ ಕೇಳದೇ ಕೊಡ್ತಾರ.

ಆಶಾದಾಯಕ ಮಾತೂ ಐತಿ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಟೆನ್ ರೋಗಿಗಳ ಚರ್ಮದ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿ, ರೋಗನಿರೋಧಕ ವ್ಯವಸ್ಥೆಯಲ್ಲಿ ಯಾವ ಸ್ವಿಚ್ ಅತಿಯಾಗಿ ಒತ್ತಿಕೊಂಡೈತಿ ಅಂತ ಪತ್ತೆ ಮಾಡಿದರು. ಜಾಕ್-ಸ್ಟಾಟ್ ಅಂತ ಅದರ ಹೆಸರು. ಅದನ್ನು ಆರಿಸೋ ಔಷಧಗಳು ಬೇರೆ ಕಾಯಿಲೆಗಳಿಗಾಗಿ ಮೊದಲೇ ಇದ್ದವು. ಚೀನಾದಲ್ಲಿ 7 ರೋಗಿಗಳಿಗೆ ಕೊಟ್ಟು ನೋಡಿದರು, ಏಳೂ ಮಂದಿ ಗುಣವಾದರು. 2024ರಲ್ಲಿ ಪ್ರಕಟವಾಯಿತು. ಏಳು ಸಣ್ಣ ಸಂಖ್ಯೆ, ಇನ್ನೂ ದೊಡ್ಡ ಪರೀಕ್ಷೆ ಆಗಬೇಕು. ಆದರೆ ಎಂಥ ಹೊಸ ಔಷಧ ಬಂದರೂ ಮೊದಲ ಚಿಕಿತ್ಸೆ ಬದಲಾಗೋದಿಲ್ಲ: ಕಾರಣವಾದ ಗುಳಿಗಿಯನ್ನು ಆದಷ್ಟು ಬೇಗ ಗುರುತಿಸಿ ನಿಲ್ಲಿಸೋದು.

ಭಾಗ 10/10: ಸೇವ್ ಮಾಡ್ಕೊಳ್ರಿ

ಹೊಸ ಗುಳಿಗಿ ಶುರುವಾಗಿ ಎರಡು ತಿಂಗಳೊಳಗೆ ಇವು ಕಂಡರೆ ತಡ ಮಾಡಬ್ಯಾಡ್ರಿ:

— ಜ್ವರದ ಜೊತೆ ದದ್ದು
— ಕಣ್ಣು ಕೆಂಪಾಗಿ ಉರಿ
— ಬಾಯಿ, ತುಟಿ, ಗುಪ್ತಾಂಗದಲ್ಲಿ ಹುಣ್ಣು
— ತುರಿಕೆಗಿಂತ ಹೆಚ್ಚಾಗಿ ನೋವು ಇರೋ ಚರ್ಮ, ಗುಳ್ಳೆ, ಒರೆಸಿದರೆ ಸುಲಿಯೋದು
— ಮುಖ ಊತ, ಕುತ್ತಿಗೆಯಲ್ಲಿ ಗಂಟು, ಕಣ್ಣು ಹಳದಿ

ಮುಂದಿನ ಡೋಸ್ ನುಂಗೋ ಮುಂಚೆಯೇ ಡಾಕ್ಟರ್ ಹತ್ರ ಹೋಗ್ರಿ, ಅದೇ ದಿನ. ಕಣ್ಣು, ಬಾಯಿ ಹಿಡಿದಿದ್ರ ಇಲ್ಲವೇ ಗುಳ್ಳೆ ಎದ್ದಿದ್ರ 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೇ ಹೋಗ್ರಿ. ಮನೆಯಲ್ಲಿರೋ ಎಲ್ಲ ಗುಳಿಗಿ, ಸ್ಟ್ರಿಪ್, ಚೀಟಿ, ನಾಟಿ ಔಷಧ ಇದ್ರ ಅದೂ, ಒಂದು ಚೀಲಕ್ಕೆ ಹಾಕ್ಕೊಂಡು ಒಯ್ರಿ. ಮನೆಯಲ್ಲಿ ಹಿರಿಯರು ದೇವಿ ಅಂದ್ರ ಜಗಳ ಆಡಬ್ಯಾಡ್ರಿ. "ಆಯಿ, ಕೈ ಮುಗಿಯೋಣು, ದವಾಖಾನಿಗೂ ಹೋಗೋಣು" ಅನ್ರಿ.

ಒಮ್ಮೆ ಹೀಗಾದವರು ಆ ಔಷಧದ ಹೆಸರನ್ನು, ಕಂಪನಿಯ ಹೆಸರಲ್ಲ, ಒಳಗಿನ ಔಷಧದ ಹೆಸರನ್ನು, ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಕೊಬೇಕು. ಬ್ರಾಂಡ್ ಬದಲಾದರೂ ಒಳಗಿನದು ಅದೇ ಇರುತ್ತದೆ. ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳಿಗೂ ಹೇಳಬೇಕು. ಶೋಕೇಸ್ ಮನೆತನದಲ್ಲೇ ಬರುತ್ತದೆ ಅಂದೆನಲ್ಲ.

ಇವತ್ತು ಸಂಜೀಕ ಮನಿಗೆ ಹೋದಾಗ ಒಂದು ಕೆಲಸ ಮಾಡ್ರಿ. ಟಿವಿ ಮ್ಯಾಲೋ, ಫ್ರಿಜ್ ಮ್ಯಾಲೋ ಇರೋ ಆ ಗುಳಿಗಿ ಡಬ್ಬಿ ಕೆಳಗ ಇಳಿಸ್ರಿ. ಹೆಸರು ಓದ್ರಿ. ಹೆಸರಿಲ್ಲದ ತುಂಡುಗಳನ್ನು ಬೇರೆ ಮಾಡ್ರಿ. ಅಪ್ಪ, ಅವ್ವ, ಅಜ್ಜ, ಅಜ್ಜಿ ಯಾರು ಏನು ನುಂಗ್ತಾರ ಅಂತ ಒಂದೊಂದು ಸಾಲು ಬರೆದು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕ್ರಿ. ಎಷ್ಟು ತುಂಡಿಗೆ ಹೆಸರೇ ಇರಲಿಲ್ಲ ಅನ್ನೋ ಸಂಖ್ಯೆ ಕಾಮೆಂಟಿನಲ್ಲಿ ಬರೀರಿ. ನಮ್ಮ ಮನೆಯ ಡಬ್ಬಿಯಲ್ಲಿ ಹನ್ನೊಂದು ಇದ್ದವು.

#ಗುಳಿಗಿಹೆಸರು #ಬಿಲ್‌ಕೇಳ್ರಿ #ಗೋಕಾಕ #ಮೂಡಲಗಿ #ಹುಕ್ಕೇರಿ #ಬಿಕಾಂಹುಡುಗಿ